ಮಲಗದ ಮೂಲೆ

ಜೂರಾಳಿಗೆ ಒಂದು ಚಾಳಿ ಇತ್ತು. ಎರಡು ವಸ್ತು ಒಂದಕ್ಕೊಂದು ಕೂಡುವ ಜಾಗಕ್ಕೆ ಯಾರಾದರೂ ತಪ್ಪು ಹೆಸರು ಹೇಳಿದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಬಂದವರು ನೆಂಟರಾದರೂ ಸರಿ, ಊರಿನ ಮುಲ್ಲಾ ಆದರೂ ಸರಿ, ಬಾಯಿಗೆ ಹಾಕಿಕೊಂಡದ್ದನ್ನು ನುಂಗುವ ಮೊದಲೇ ತಿದ್ದುತ್ತಿದ್ದಳು. ಗುಡಾರದ ಗೋಡೆಯ ಕಡ್ಡಿಗಳನ್ನು ಹಸಿ ತೊಗಲಿನಿಂದ ಬಿಗಿದ ಜಾಗ ಕೀಲು, ಅದನ್ನು ಗಂಟು ಅನ್ನುವ ಹಾಗಿಲ್ಲ. ಕುರಿಮರಿಗಳನ್ನು ಸಾಲಾಗಿ ಕಟ್ಟುವ ಹಗ್ಗ ದಾವಣಿ, ಅದನ್ನು ಸರಪಳಿ ಅಂದವನು ಪೇಟೆಯವನೇ ಇರಬೇಕು. ಕೆಟಲಿನ ಮುರಿದ ಮೂತಿಗೆ ಹಾಕಿದ್ದು ಬೆಸುಗೆ. ಗಂಡ ಕುಬಾತ್ ಒಮ್ಮೆ ನೆಲದ ಹಾಸಿನ ಮೇಲೆ ಎರಡು ಬಣ್ಣ ಕೂಡುವ ಗೆರೆಯನ್ನು ತೋರಿಸಿ, "ಆ ಸಂದಲ್ಲಿ ನನ್ನ ಅಂಗಿ ಗುಂಡಿ ಬಿದ್ದಿದೆ ನೋಡೇ" ಅಂದ. ಗುಂಡಿ ಹುಡುಕುವುದು ಅತ್ತಲಾಗಿರಲಿ, "ಸಂದು ಅಂದ್ರೆ ಬಿಟ್ಟ ಜಾಗ ಕಣ್ರೀ, ಇದು ಕೂಡಿದ ಜಾಗ. ಕೂಡಿದ್ದಕ್ಕೂ ಬಿಟ್ಟದ್ದಕ್ಕೂ ವ್ಯತ್ಯಾಸ ತಿಳೀದೆ ಇಷ್ಟು ವರ್ಷ ನನ್ನ ಜೊತೆ ಹೆಂಗ್ರೀ ಸಂಸಾರ ಮಾಡಿದ್ರಿ?" ಅಂತ ಅವಳು ಮುಖಕ್ಕೆ ಹೊಡೆದ ಹಾಗೆ ಕೇಳಿದ್ದು ಅತ್‌ಬಾಶಿ ಕಣಿವೆಯಲ್ಲಿ ನಮಗೆಲ್ಲ ಗೊತ್ತಿರುವ ಮಾತು.

ಇಂಥ ಜೂರಾಳ ತಲೆ ಆ ವರ್ಷ ಮಗಳ ಮದುವೆ ಹೊತ್ತಿಗೆ ಕೆಟ್ಟು ಕೆರ ಹಿಡಿದುಹೋಯಿತು. ಕಾರಣ ಇಷ್ಟೇ. ಕಲಿಪಾ ಅವಳ ಮನೆಗೆ ಬರುವುದನ್ನು ನಿಲ್ಲಿಸಿಬಿಟ್ಟಿದ್ದಳು. ಯಾಕೆ ಅಂತ ಹೇಳಿರಲಿಲ್ಲ.

ಕಲಿಪಾ ಯಾರು ಅಂತ ಹೇಳುವುದು ಸುಲಭವಲ್ಲ, ಈ ಕಥೆಯೆಲ್ಲ ಅದರದೇ ಗೋಳು. ಮೊದಲು ಅವಳು ಕುಬಾತನ ಅಣ್ಣನ ಹೆಂಡತಿ. ಅಂದರೆ ಜೂರಾಳಿಗೆ ಓರಗಿತ್ತಿ. ಜೂರಾ ಈ ಮನೆಗೆ ಸೊಸೆಯಾಗಿ ಬಂದಾಗ ಕದಿರು ಹಿಡಿಯಲು ಬಾರದ ಹುಡುಗಿ. ತೌರಿನಲ್ಲಿ ಅಪ್ಪ ಟ್ರಾಕ್ಟರ್ ಓಡಿಸುತ್ತಿದ್ದ, ಅಮ್ಮ ಶಾಲೆಯ ಅಡುಗೆ ಮಾಡುತ್ತಿದ್ದಳು, ಉಣ್ಣೆ ಅಂದರೆ ಅಂಗಡಿಯ ಸ್ವೆಟರ್ ಅಷ್ಟೇ. ಅತ್ತೆ ಹಣೆ ಚಚ್ಚಿಕೊಂಡು, "ಇವಳನ್ನ ನೀನೇ ತಿದ್ದು" ಅಂತ ಹಿರಿಸೊಸೆಯ ಕೈಗೆ ಒಪ್ಪಿಸಿದಳು. ಕಲಿಪಾ ಎಡಗೈಯವಳು. ಜೂರಾ ಅವಳ ಎದುರಿಗೆ ಕೂತು, ಅವಳ ಎಡಗೈ ಮಾಡಿದ್ದನ್ನೆಲ್ಲ ತನ್ನ ಬಲಗೈಯಲ್ಲಿ ಮಾಡುತ್ತ ಕಲಿತಳು. ಹಾಗಾಗಿ ಕಲಿಪಾಳ ನೂಲಿನ ಹೊಸೆತ ಎಡಕ್ಕೆ, ಜೂರಾಳದು ಬಲಕ್ಕೆ.

ಶಿರ್ದಾಕ್ ಅನ್ನುವ ನಮ್ಮ ಉಣ್ಣೆ ಹಾಸು ಮಾಡಲು ಈ ಎರಡೂ ಬೇಕು. ಬಿಸಿನೀರು ಹುಯ್ದು ತುಳಿದು ಗಟ್ಟಿ ಮಾಡಿದ ಉಣ್ಣೆಯ ಹಾಳೆಗಳು ಎರಡು, ಒಂದು ಕೆಂಪು, ಒಂದು ಕಂದು. ಒಂದರ ಮೇಲೊಂದಿಟ್ಟು ಒಟ್ಟಿಗೇ ಕತ್ತರಿಸಬೇಕು. ಕೆಂಪಿನಿಂದ ಕತ್ತರಿಸಿದ ಟಗರಿನ ಕೊಂಬನ್ನು ಕಂದಿನ ಹೊಟ್ಟೆಗೆ ಕೂರಿಸಬೇಕು, ಕಂದಿನದನ್ನು ಕೆಂಪಿನ ಹೊಟ್ಟೆಗೆ. ಒಂದು ಕತ್ತರಿಗೆ ಎರಡು ಹಾಸು ಹುಟ್ಟುತ್ತವೆ, ಒಂದರ ಬಣ್ಣ ತಿರುಗಿಸಿದರೆ ಇನ್ನೊಂದು. ಬಣ್ಣ ಬಣ್ಣ ಕೂಡುವ ಕಡೆಯೆಲ್ಲ ಹುರಿ ಇಟ್ಟು ಹೊಲಿಯುತ್ತಾರೆ. ಬಲಕ್ಕೆ ಹೊಸೆದ ಎಳೆ ಒಂದು, ಎಡಕ್ಕೆ ಹೊಸೆದ ಎಳೆ ಒಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೊಲಿದರೆ ಗೋಧಿ ತೆನೆಯ ಹಾಗೆ ಗೆರೆ ಮೂಡುತ್ತದೆ. ಒಂದರ ಸೆಳೆತವನ್ನು ಇನ್ನೊಂದು ಹಿಡಿಯುತ್ತದೆ, ಹಾಸು ನೆಲಕ್ಕಂಟಿ ಮಲಗುತ್ತದೆ. ಊರಿನ ಮಿಕ್ಕ ಹೆಂಗಸರು ಎರಡು ಎಳೆಯನ್ನೂ ತಾವೇ ನೂಲುತ್ತಾರೆ. ಜೂರಾ, ಕಲಿಪಾ ಮಾತ್ರ ಕಲಿಯಲಿಲ್ಲ. ಕಲಿಯುವ ಪ್ರಮೇಯವೇ ಬರಲಿಲ್ಲ, ಎದುರಿಗೆ ಇನ್ನೊಬ್ಬಳು ಇದ್ದೇ ಇದ್ದಳಲ್ಲ.

ಆಮೇಲೆ ಕಲಿಪಾಳ ಗಂಡ ನರಿನ್ ಪೇಟೆಗೆ ಲಾರಿ ಓಡಿಸಲು ಹೋದವನು ಅಲ್ಲೇ ವೆನೆರಾ ಅನ್ನುವವಳನ್ನು ಕಟ್ಟಿಕೊಂಡು ನಿಂತುಬಿಟ್ಟ. ಊರೆಲ್ಲ ಕಲಿಪಾ ಗಂಟುಮೂಟೆ ಕಟ್ಟುತ್ತಾಳೆ ಅಂತ ಕಾದು ಕೂತಿತ್ತು. ಆದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಹೋದವನು ಮಗ. ಸೊಸೆ ಎಲ್ಲಿಗೆ ಹೋಗ್ತಾಳೆ? ಅವನಿಗೆ ಇನ್ನೊಂದು ಮನೆ ಸಿಕ್ಕಿದ್ರೆ ಅದು ಅವನ ಹಣೆಬರಹ, ನನ್ನ ಮನೆ ಯಾಕೆ ಒಡೀಬೇಕು?" ಅಂದಳು. ಅತ್ತೆ ಸತ್ತ ಮೇಲೂ ಕಲಿಪಾ ಅದೇ ಅಂಗಳದ ಆ ಕಡೆಯ ಮನೆಯಲ್ಲಿ ಉಳಿದಳು. ಎರಡು ಮನೆಗೂ ನಡುವೆ ಬೇಲಿ ಇರಲಿಲ್ಲ. ಒಂದು ಕತ್ತರಿಗೆ ಹುಟ್ಟಿದ ಎರಡು ಹಾಸಿನಲ್ಲಿ ಒಂದು ಜೂರಾಳ ಮನೆಗೆ, ಇನ್ನೊಂದು ಕಲಿಪಾಳ ಮನೆಗೆ, ಅದು ಯಾರೂ ಮಾತಾಡಿ ಮಾಡಿದ ಕರಾರಲ್ಲ.

ಈಗ ಜೂರಾಳ ಮಗಳು ಬೇಗಿಮಾಯ್‌ಗೆ ಗಂಡು ಗೊತ್ತಾಗಿತ್ತು. ಬೀಗರು ಬಂದು ಹುಡುಗಿಯ ಕಿವಿಗೆ ಓಲೆ ಇಟ್ಟು ಹೋಗಿದ್ದರು. ಕುರಿಗಳು ಬೆಟ್ಟದಿಂದ ಇಳಿದ ಮೇಲೆ ಮದುವೆ. ಹೆಣ್ಣಿನ ಜೊತೆ ಹೋಗುವ ಸಾಮಾನಿನಲ್ಲಿ ಪೆಟ್ಟಿಗೆ, ರಜಾಯಿ ಏನೇ ಇರಲಿ, ತಾಯಿ ಮಾಡಿದ ಶಿರ್ದಾಕ್ ಇರಲೇಬೇಕು. ಅದನ್ನು ಬೀಗರು ಎಲ್ಲರೆದುರು ಹಾಸಿ, ಮುಟ್ಟಿ, ತಿರುವಿ ನೋಡುತ್ತಾರೆ. ಹಾಳೆ ಕತ್ತರಿಸಿ, ಕೂರಿಸಿ, ಅರ್ಧ ಹುರಿಯನ್ನೂ ಹೊಲಿದಾಗಿತ್ತು. ಓಲೆ ಇಟ್ಟ ಮಾರನೆಯ ದಿನ ಕಲಿಪಾ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವಳ ಏಪ್ರನ್ ಜೂರಾಳ ಅಡುಗೆಮನೆಯ ಮೊಳೆಗೆ ತಗಲಿಹಾಕಿದ್ದು ಹಾಗೇ ಇತ್ತು, ಅದರ ಮೇಲೊಂದು ಹೊಸ ಟವೆಲ್ಲು.

"ಏನಾಯ್ತ್ರೀ ಅವಳಿಗೆ?" ಅಂತ ಜೂರಾ ಗಂಡನ ತಲೆ ತಿಂದಳು.

ಕುಬಾತನಿಗೆ ಹೆಂಗಸರ ಮುನಿಸೆಲ್ಲ ಸಾಮಾನಿನಿಂದಲೇ ಹುಟ್ಟುತ್ತದೆ ಅನ್ನುವ ನಂಬಿಕೆ. "ನಮ್ಮ ನಾಯಿ ಅವಳ ಕೋಳಿ ಹಿಡೀತಲ್ಲ."

"ಅದು ಹೋದ ವರ್ಷ. ಆ ಕೋಳಿ ಸಾರನ್ನ ಅವಳೇ ಕುದಿಸಿ ನಮಗೆ ಬಡಿಸಿದ್ಲು."

"ಹಂಗಾದ್ರೆ ಕೆನೆ ತೆಗೆಯೋ ಮೆಷಿನ್. ಬೇಸಿಗೇಲಿ ಅವಳ ಮನೆಯಿಂದ ತಂದಿದ್ದು ಇನ್ನೂ ನಮ್ಮನೇಲೇ ಕೂತಿದೆ. ನಾನಾಗಿದ್ರೆ ನನಗೂ ಉರೀತಿತ್ತು."

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಜೂರಾ ಮೆಷಿನ್ ತೊಳೆದು, ಒರೆಸಿ, ಬಟ್ಟೆ ಸುತ್ತಿ, ಮಗು ಹೊತ್ತ ಹಾಗೆ ಹೊತ್ತುಕೊಂಡು ಅಂಗಳ ದಾಟಿದಳು. ಕಲಿಪಾ ಹಸುವಿನ ಹತ್ತಿರ ಕೂತು ಹಾಲು ಕರೆಯುತ್ತಿದ್ದಳು. ತಲೆಯೆತ್ತಿ ನೋಡಿ ಎದ್ದು ನಿಂತಳು.

"ಅಯ್ಯೋ, ಇದಕ್ಕೋಸ್ಕರ ಬಂದ್ರಾ? ನಿಮಗೆ ಬೇಕಾಗಿದ್ರೆ ಇಟ್ಕೋಬಹುದಿತ್ತು. ಬನ್ನಿ, ಚಹಾ ಕುಡಿದು ಹೋಗಿ."

ಜೂರಾ ಮೆಷಿನ್ ಹಿಡಿದುಕೊಂಡೇ ನಿಂತಳು. ಬಂದ್ರಾ? ಬನ್ನಿ? ಕುಡಿದು ಹೋಗಿ? ಈ ಹೆಂಗಸು ಅವಳನ್ನು ಇಷ್ಟು ವರ್ಷ "ಏ ಪೆದ್ದಿ" ಅಂತ ಕರೆದವಳು. ಹೆರಿಗೆಯಲ್ಲಿ ಕೂಗಿದಾಗ ಕೆನ್ನೆಗೆ ಬಾರಿಸಿ "ತಳ್ಳೇ" ಅಂದವಳು. ತನಗಿಂತ ಚಿಕ್ಕವಳಿಗೆ ಈಗ ಬಹುವಚನ ಹಾಕಿ, ಮಲ್ಲಿಗೆಯಂಥ ಮಾತಾಡುತ್ತ ನಿಂತಿದ್ದಾಳೆ!

"ಎಜೆ, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂದಳು. ಎಜೆ ಅಂದರೆ ಅಕ್ಕ. ಆ ಮನೆಗೆ ಕಾಲಿಟ್ಟ ದಿನದಿಂದ ಅವಳು ಕಲಿಪಾಳನ್ನು ಕರೆದದ್ದೇ ಹಾಗೆ.

"ಛೆ ಛೆ, ಎಂಥ ತಪ್ಪು? ಕೆಲಸ ಜಾಸ್ತಿ ಅಷ್ಟೇ. ಬೇಗಿಮಾಯ್ ಹೆಂಗಿದ್ದಾಳೆ? ಒಳ್ಳೇದಾಗ್ಲಿ."

ಬೈದಿದ್ದರೆ ಜೂರಾ ನೆಮ್ಮದಿಯಾಗಿ ಮನೆಗೆ ಬರುತ್ತಿದ್ದಳು. ಈ ಮರ್ಯಾದೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಬರುವಾಗ ದಾರಿಯಲ್ಲಿ ನೆನಪನ್ನೆಲ್ಲ ಕೆದಕಿದಳು. ಉಪ್ಪು ಹೆಚ್ಚಾಯಿತಾ? ಅವಳ ಹಾಳೆಯನ್ನು ವಕ್ರವಾಗಿ ಕತ್ತರಿಸಿದೆನಾ? ಹುಡುಗನ ಕಡೆಯವರ ಬಗ್ಗೆ ಅವಳು ಏನಾದರೂ ಹೇಳಿದಾಗ ನಾನು ಕೇಳಿಸಿಕೊಳ್ಳಲಿಲ್ಲವಾ? ಒಂದೂ ಕೈಗೆ ಹತ್ತಲಿಲ್ಲ. ಮನೆಗೆ ಬಂದು ಕೈ ತೊಳೆದು ಮೊಳೆಯ ಮೇಲಿನ ಟವೆಲ್ಲಿಗೆ ಒರೆಸಿಕೊಂಡಳು.

ಕಲಿಪಾ ನೂತಿಟ್ಟ ಎಡ ಎಳೆಯ ಉಂಡೆ ಇರುವ ತನಕ ಹೊಲಿಗೆ ನಡೆಯಿತು. ಉಂಡೆ ಮುಗಿಯಿತು. ಬೇರೆ ಯಾರನ್ನಾದರೂ ಕೇಳಬಹುದಿತ್ತು, ಊರಿನಲ್ಲಿ ನೂಲುವವರಿಗೇನು ಬರ? ಆದರೆ ಕೇಳಿದ ಮರುಗಳಿಗೆ ಊರಿಗೆಲ್ಲ ಡಂಗುರ. ಜೂರಾ ಕಲಿಪಾ ಮಾತು ಬಿಟ್ಟರಂತೆ! ಮಾತು ಬಿಟ್ಟದ್ದು ಯಾಕಂತೆ? ಜೂರಾಳಿಗೇ ಗೊತ್ತಿಲ್ಲವಂತೆ! ಆ ನಗೆಪಾಟಲು ಬೇಡವೆಂದು ತಾನೇ ಎಡಗೈಗೆ ಕದಿರು ತೆಗೆದುಕೊಂಡಳು.

ಎಡಗೈ ಮಾತು ಕೇಳುತ್ತದೆಯೇ? ಕದಿರು ಬೀಳುತ್ತಿತ್ತು, ನೂಲು ತುಂಡಾಗುತ್ತಿತ್ತು. ಕಡೆಗೆ ಬಲಗೈಯಲ್ಲೇ ಹಿಡಿದು ಉಲ್ಟಾ ತಿರುಗಿಸಿ ನೋಡಿದಳು. ಗಮನವಿಟ್ಟಾಗ ಸರಿಯಾಗಿ ಬರುತ್ತಿತ್ತು. ಆದರೆ ಗಮನ ಎಲ್ಲಿಂದ ತರುವುದು? ತಲೆಯೆಲ್ಲ "ಬಂದ್ರಾ, ಬನ್ನಿ" ಅನ್ನುವ ಆ ಮಾತಿನಲ್ಲೇ ಸುತ್ತುತ್ತಿತ್ತು. ಮನಸ್ಸು ಅತ್ತ ಹೋದಾಗಲೆಲ್ಲ ಕೈ ತನ್ನ ಹಳೆಯ ಚಾಳಿಗೆ ತಿರುಗಿ ಬಲಕ್ಕೇ ಹೊಸೆಯುತ್ತಿತ್ತು. ಅವಳು ಅದೇ ನೂಲನ್ನು ಇಟ್ಟು ಹೊಲಿದಳು. ಹೊಲಿದು ಮುಗಿಸಿ, ಕೆಳಹಾಳೆಗೆ ಕೂಡಿಸಿ, ಮಗಳನ್ನು ಕರೆದು ಇಬ್ಬರೂ ಹಿಡಿದು ನೆಲಕ್ಕೆ ಹಾಸಿದರು.

ಹಾಸು ಮಲಗಲಿಲ್ಲ. ಅರ್ಧದ ತನಕ ಗೋಧಿ ತೆನೆ ಚೆಂದವಾಗಿ ಓಡಿ ಬಂದಿತ್ತು. ಅಲ್ಲಿಂದ ಮುಂದೆ ತೆನೆ ಹೋಗಿ ಓರೆಗೆರೆ, ಮತ್ತೆ ಒಂದು ಗೇಣು ತೆನೆ, ಮತ್ತೆ ಓರೆಗೆರೆ. ಒಂದೇ ಕಡೆಗೆ ಹೊಸೆದ ಎರಡು ಎಳೆಗಳು ಸೇರಿಕೊಂಡು ಉಣ್ಣೆಯನ್ನು ಎಳೆದಿದ್ದವು. ಬಾಗಿಲ ಕಡೆಯ ಮೂಲೆ ಮೇಲೆದ್ದು ನಿಂತಿತು. ಜೂರಾ ಅದನ್ನು ಕಾಲಲ್ಲಿ ಒತ್ತಿದಳು. ಕಾಲು ತೆಗೆದ ಕೂಡಲೇ ಮತ್ತೆ ಎದ್ದಿತು.

"ಇದನ್ನ ನೋಡಿದ್ರೆ ಒಬ್ಬಳೇ ಮಾಡಿದ್ದು ಅಂತ ಎಂಥ ಕುರುಡಿಗೂ ಗೊತ್ತಾಗುತ್ತೆ" ಅಂತ ಜೂರಾ ಕುಸಿದು ಕೂತಳು. "ಬೀಗರು ಏನಂತಾರೆ? ಮನೆಯೊಳಗೇ ಜಗಳ ಇರೋ ಕಡೆಯಿಂದ ಹೆಣ್ಣು ತಂದ್ವಿ ಅಂತಾರೆ. ನಾನೇನು ಮಾಡಿದೆ ಅವಳಿಗೆ? ಯಾರಾದ್ರೂ ಹೇಳ್ರೇ ನನಗೆ!"

ಬೇಗಿಮಾಯ್ ಹಾಸಿನ ಅಂಚು ಹಿಡಿದುಕೊಂಡೇ ತಾಯಿಯ ಮುಖ ನೋಡಿದಳು. "ಅಮ್ಮಾ, ನಿನಗೆ ನಿಜವಾಗ್ಲೂ ಗೊತ್ತಿಲ್ವಾ?"

"ಏನು ಗೊತ್ತಿಲ್ಲ?"

"ಓಲೆ ಇಟ್ಟ ದಿನ ನೀನು ದೊಡ್ಡಮ್ಮನ್ನ ಏನಂದೆ ಅಂತ."

ಆ ದಿನ ಬೀಗರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟಿದ್ದರು. ಮಾಂಸ ಇನ್ನೂ ಬೆಂದಿರಲಿಲ್ಲ. ಬೆಳಿಗ್ಗೆಯಿಂದ ಹಿಟ್ಟು ನಾದಿ, ಬೋರ್ಸೋಕ್ ಕರಿದು ಬುಟ್ಟಿಗಟ್ಟಲೆ ತುಂಬಿಸಿದವಳು ಕಲಿಪಾ. ಕುಬಾತನ ಅಣ್ಣ ಹಿರಿಯನಾದ್ದರಿಂದ ಅವನು ಬರಲೇಬೇಕಿತ್ತು, ಅವನ ಜೊತೆ ವೆನೆರಾ ಬಂದಳು, ಬಂದವಳನ್ನು ಮೇಲ್ಗಡೆಯ ಮರ್ಯಾದೆಯ ಸಾಲಿನಲ್ಲಿ ಕೂರಿಸಿದರು. ಹುಡುಗನ ತಾಯಿ ಶರಪತ್ ಉಡುಗೊರೆಯ ಚೀಲ ಬಿಚ್ಚಿ, ಯಾರ್‍ಯಾರು ಏನೇನಾಗಬೇಕು ಅಂತ ಕೇಳುತ್ತ ಬಂದಳು. ಇಷ್ಟು ಜೂರಾಳಿಗೂ ನೆನಪಿತ್ತು. ಗಡಿಬಿಡಿಯಲ್ಲಿ ಬೆವರು ಒರೆಸಿಕೊಂಡದ್ದೂ ನೆನಪಿತ್ತು.

"ನೀನು ವೆನೆರಾನ್ನ ತೋರಿಸಿ 'ಇವರು ನನ್ನ ಓರಗಿತ್ತಿ' ಅಂದೆ" ಅಂದಳು ಬೇಗಿಮಾಯ್. "ಅವರು ಆಕೆಗೆ ಗೊಂಡೆ ಇರೋ ಬಿಳಿ ತಲೆವಸ್ತ್ರ ಹೊದಿಸಿದ್ರು. ಆಗ ದೊಡ್ಡಮ್ಮ ಚಹಾ ಕಾಸೋ ಸಮೋವಾರ್ ಎತ್ಕೊಂಡು ಒಳಗೆ ಬಂದ್ರು. ಇವರು ಯಾರು ಅಂತ ಬೀಗಿತ್ತಿ ಕೇಳಿದ್ರು. ನೀನು 'ನಮ್ಮ ನೆರೆಯವರು, ಕೈಸಹಾಯಕ್ಕೆ ಬಂದಿದ್ದಾರೆ' ಅಂದೆ. ದೊಡ್ಡಮ್ಮನಿಗೆ ಒಂದು ಟವೆಲ್ ಕೊಟ್ರು. ದೊಡ್ಡಮ್ಮ ಎಲ್ಲರಿಗೂ ಚಹಾ ಕೊಟ್ಟು ಮುಗಿಸಿ ಹಸು ನೋಡ್ಬೇಕು ಅಂತ ಹೋದ್ರು."

ಜೂರಾ ಅಡುಗೆಮನೆಯ ಮೊಳೆಯ ಕಡೆ ನೋಡಿದಳು. ಆ ಟವೆಲ್ಲಿಗೆ ಅವಳು ಇಷ್ಟೂ ದಿನ ಕೈ ಒರೆಸಿದ್ದಳು. ಎಲ್ಲಿಂದ ಬಂತು ಅಂತ ಒಂದು ಸಲವೂ ಕೇಳಿಕೊಂಡಿರಲಿಲ್ಲ.

"ಆಗಲೇ ಯಾಕೆ ಹೇಳ್ಲಿಲ್ಲ ನೀನು?"

"ಬೇಕಂತಲೇ ಅಂದೆ ಅಂದ್ಕೊಂಡಿದ್ದೆ" ಅಂದಳು ಮಗಳು, ತಲೆ ತಗ್ಗಿಸಿ. "ಬಿಟ್ಟ ಹೆಂಡತಿ, ಕಟ್ಕೊಂಡ ಹೆಂಡತಿ ಇಬ್ಬರೂ ಒಂದೇ ಮನೇಲಿ ಅಂದ್ರೆ ಅವರಿಗೆ ಏನನ್ಸುತ್ತೋ ಅಂತ, ನನಗೋಸ್ಕರ ಮುಚ್ಚಿಟ್ಟೆ ಅಂದ್ಕೊಂಡೆ. ನನಗೂ ಹಾಯ್ ಅನ್ನಿಸ್ತು, ಸುಳ್ಳು ಯಾಕೆ ಹೇಳ್ಲಿ."

ಇಲ್ಲಿಯ ತನಕ ಜೂರಾಳಿಗೆ ತಿಳಿಯದಿದ್ದದ್ದು ಕಲಿಪಾಳ ಮನಸ್ಸು. ಈಗ ತನ್ನ ಮನಸ್ಸೇ ತಿಳಿಯದಾಯಿತು. ಬಾಯಿತಪ್ಪಿ ಬಂದ ಮಾತಾ ಅದು, ಇಲ್ಲಾ ಒಳಗೆಲ್ಲೋ ಕೂತು ಲೆಕ್ಕ ಹಾಕಿದವಳು ತಾನೇನಾ? ಸೊಸೆಯಾಗಿ ಬಂದ ದಿನದಿಂದ ಗಂಡನ ಕಡೆಯ ಹಿರಿಯ ಗಂಡಸರ ಹೆಸರು ಹೇಳಬಾರದು ಅಂತ ಅವಳಿಗೆ ಕಲಿಸಿದ್ದರು. ಹೆಸರು ಎತ್ತದೆ ಇನ್ನೊಂದು ಮಾತಿನಲ್ಲಿ ಸುತ್ತುಬಳಸಿ ದಾಟಿಹೋಗುವುದು ಅವಳ ನಾಲಿಗೆಗೆ ಪಳಗಿದ ವಿದ್ಯೆ. ಆ ದಿನವೂ ನಾಲಿಗೆ ಹಾಗೇ ದಾಟಿತೇನೋ. ಆದರೆ ದಾಟಿದ್ದು ಹೆಸರನ್ನಲ್ಲ, ಹೆಂಗಸನ್ನು. ಅವಳಿಗೆ ನಾಚಿಕೆಯಾಯಿತು, ಮೈಯೆಲ್ಲ ಉರಿದುಹೋಗುವಷ್ಟು ನಾಚಿಕೆ. ನಾಚಿಕೆಯ ಜೊತೆಗೆ ಗೊಂದಲ ಹಾಗೇ ಉಳಿಯಿತು. ನೆರೆಯವಳು ಅನ್ನಬಾರದಿತ್ತು, ಸರಿ. ಹಾಗಾದರೆ ಏನನ್ನಬೇಕಿತ್ತು?

ಹಾಸನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಅಂಗಳ ದಾಟಿದಳು.

ಕಲಿಪಾಳ ಮನೆಯೊಳಗೆ ಕಾಲಿಟ್ಟಾಗ ಜೂರಾಳಿಗೆ ಯಾವಾಗಲೂ ಒಂದು ಕ್ಷಣ ದಿಕ್ಕು ತಪ್ಪುತ್ತಿತ್ತು. ನೆಲದ ತುಂಬ ಅವಳ ಮನೆಯದೇ ಹಾಸುಗಳು, ಬಣ್ಣ ಮಾತ್ರ ತಿರುವುಮುರುವು. ಅಲ್ಲಿ ಕಪ್ಪಿದ್ದ ಕೊಂಬು ಇಲ್ಲಿ ಬಿಳಿ, ಅಲ್ಲಿ ಹಸಿರಿದ್ದ ಬಳ್ಳಿ ಇಲ್ಲಿ ಹಳದಿ. ತನ್ನ ಮನೆಯನ್ನೇ ಒಳಮಗ್ಗುಲಿನಿಂದ ನೋಡಿದ ಹಾಗೆ. ಗೋಡೆಯ ಬದಿಯಲ್ಲಿ ಬೇಗಿಮಾಯಳ ಹಾಸಿನ ಜೊತೆಯದು ಮಡಚಿಟ್ಟಿತ್ತು, ಅರ್ಧ ಹುರಿ ಇಟ್ಟು ಬಿಟ್ಟದ್ದು. ಬಲ ಎಳೆ ಇಲ್ಲದೆ ಅದೂ ಅಲ್ಲೇ ನಿಂತಿತ್ತು.

"ಬನ್ನಿ, ಕೂತ್ಕೊಳ್ಳಿ" ಅಂದಳು ಕಲಿಪಾ.

"ಎಜೆ, ನೀನು ನನ್ನ ಬೇಕಾದ್ರೆ ಹೊಡಿ, ಈ ಬನ್ನಿ ಗಿನ್ನಿ ಬಿಡು. ನಾನು ಹಾಗಂದೆನಾ? ನೆರೆಯವರು ಅಂದೆನಾ?"

"ಅಂದೆ" ಅಂದಳು ಕಲಿಪಾ.

"ನನಗೆ ನೆನಪೇ ಇಲ್ಲ."

"ಅದೇ ನನಗೆ ಉರಿದದ್ದು. ತಡವರಿಸಿದ್ರೆ, ಮುಖ ಕೆಂಪಾಗಿದ್ರೆ, ಹೋಗ್ಲಿ ಅಂತ ಬಿಡ್ತಿದ್ದೆ. ನೀರು ಕುಡಿದಷ್ಟು ಸಲೀಸಾಗಿ ಬಂತಲ್ಲೇ ನಿನ್ನ ಬಾಯಿಂದ! ಕಡ್ಡಿಗೆ ಕಡ್ಡಿ ಕಟ್ಟಿದ್ದಕ್ಕೆ ಒಂದು ಹೆಸರು, ಕುರಿಗೆ ಕುರಿ ಕಟ್ಟಿದ್ದಕ್ಕೆ ಒಂದು ಹೆಸರು ಅಂತ ಊರೋರ ಪ್ರಾಣ ತಿಂತೀಯ."

"ಬೇಕಂತ ಅಂದೆನೋ, ಬಾಯಿತಪ್ಪಿ ಅಂದೆನೋ, ನನಗೇ ಗೊತ್ತಾಗ್ತಿಲ್ಲ ಎಜೆ. ಬಾಯಿತಪ್ಪಿ ಅಂತ ಆಣೆ ಇಟ್ರೆ ಅದು ಸುಳ್ಳಾದ್ರೆ ಅಂತ ಭಯ." ಜೂರಾಳಿಗೆ ಅಳು ಬಂತು, ತಡೆಯಲಿಲ್ಲ. "ಏನನ್ನಬೇಕಿತ್ತು ನಾನು? ನೀನೇ ಹೇಳು. ಮುಂದಿನ ಸಲ ಅದನ್ನೇ ಅಂತೀನಿ."

ಕಲಿಪಾ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನಾನೂ ಅದನ್ನೇ ಹುಡುಕ್ತಾ ಕೂತಿದ್ದೀನಿ, ಅವತ್ತಿಂದ. ಓರಗಿತ್ತಿ ಅನ್ನೋ ಹಾಗಿಲ್ಲ, ಆ ಜಾಗದಲ್ಲಿ ಈಗ ಅವಳು ಕೂತಿದ್ದಾಳೆ. ಅಕ್ಕ ಅಂದ್ರೆ ಯಾವ ತಾಯಿ ಹೊಟ್ಟೇದು ಅಂತ ಕೇಳ್ತಾರೆ. ಗೆಳತಿ ಅಂದ್ರೆ ನಗ್ತಾರೆ, ನಾವೇನು ರಿಬ್ಬನ್ ಕಟ್ಕೊಂಡು ಸ್ಕೂಲಿಗೆ ಹೋಗೋರಾ? ಎಲ್ಲಾ ಅಳೆದು ಸುರಿದು ನೋಡಿದ್ರೆ ನೆರೆಯವಳು ಅಂದಿದ್ದೇ ಸರಿ ಕಣೇ. ಸರಿ ಅಂತ ಗೊತ್ತಾದ ಮೇಲೆ ನಿಮ್ಮನೆಗೆ ಬರೋಕೆ ಕಾಲೇ ಏಳಲಿಲ್ಲ. ನೆರೆಯವಳಾದ್ರೆ ಕರೆದಾಗ ಮಾತ್ರ ಬರಬೇಕಲ್ವಾ?"

ಇಬ್ಬರೂ ಕೂತರು. ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು, ಯಾರೂ ಏಳಲಿಲ್ಲ. ಕಡೆಗೆ ಕಲಿಪಾ ಜೂರಾಳ ಹೆಗಲ ಮೇಲಿನ ಸುರುಳಿಯ ಕಡೆ ಗಲ್ಲ ಎತ್ತಿ, "ಅದೇನು? ಬಿಚ್ಚು ನೋಡೋಣ" ಅಂದಳು.

ಹಾಸು ಬಿಚ್ಚಿಕೊಂಡಿತು, ಮೂಲೆ ಎದ್ದು ನಿಂತಿತು. ಕಲಿಪಾ ಬಗ್ಗಿ ಹುರಿಯ ಮೇಲೆ ಬೆರಳೋಡಿಸಿದಳು. ಒಂದು ಕಡೆ ಸರಿ, ಒಂದು ಕಡೆ ಓರೆ. ಅವಳ ಹೆಗಲು ಅಲುಗಿತು. ಅಳುತ್ತಿದ್ದಾಳೆ ಅಂದುಕೊಂಡರೆ ನಗು!

"ಇದೇನೇ ಇದು, ಕುಡಿದವನು ಮನೆಗೆ ಹೋದ ದಾರಿ ಇದ್ದಂಗಿದೆ! ಇದನ್ನ ಬೀಗರ ಮುಂದೆ ಹಾಸ್ತೀಯಾ? ನಿನಗೆ ಕಲಿಸಿದ ನನ್ನ ಕೈಗೆ ಬೆಂಕಿ ಹಾಕ. ಕತ್ತರಿ ತಾ, ಪೆದ್ದಿ."

ಪೆದ್ದಿ ಅನ್ನುವ ಮಾತು ಕಿವಿಗೆ ಬಿದ್ದಾಗ ಜೂರಾಳಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕತ್ತರಿ ತಂದಳು.

ಮದುವೆಯ ಹಿಂದಿನ ದಿನದ ತನಕ ಇಬ್ಬರೂ ಎದುರುಬದುರು ಕೂತು ನೂತರು, ಬಿಚ್ಚಿದರು, ಹೊಲಿದರು. ಓರೆಗೆರೆಗಳು ಒಂದೊಂದಾಗಿ ತೆನೆಯಾದವು. ಬಾಗಿಲ ಕಡೆಯ ಆ ಮೂಲೆ ಒಂದು ಉಳಿದಾಗ ಕಲಿಪಾ ಸೂಜಿ ಕೆಳಗಿಟ್ಟಳು. ಜೂರಾ, "ಇನ್ನೊಂಚೂರು ಅಲ್ವಾ, ಮುಗಿಸೋಣ" ಅಂದಳು. "ಬೇಡ, ಅಷ್ಟು ಇರಲಿ. ನೀನು ಒಬ್ಬಳೇ ಮಾಡಿದ್ದು ಹೆಂಗಿರುತ್ತೆ ಅಂತ ನಿನಗೆ ನೆನಪಿರಲಿ" ಅಂದಳು ಕಲಿಪಾ. ನಗುತ್ತಲೇ ಅಂದಳು. ಪೂರ್ತಿ ತಮಾಷೆಯಾಗಿತ್ತಾ? ಜೂರಾಳಿಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಹೆಣ್ಣು ಕಳಿಸುವ ದಿನ ಬೀಗರು ಹೇಳಿದ ಹೊತ್ತಿಗೇ ಬಂದರು. ಕುಬಾತನ ಅಣ್ಣ ಬಂದ, ವೆನೆರಾ ಬಂದಳು, ಮತ್ತೆ ಮೇಲ್ಸಾಲಿನಲ್ಲೇ ಕೂತಳು. ಪಾಪ, ಅವಳದೇನು ತಪ್ಪು? ಕೂರಿಸಿದಲ್ಲಿ ಕೂತಳು. ಕಲಿಪಾ ಬಾಗಿಲ ಹತ್ತಿರ ಸಮೋವಾರಿನ ಮುಂದೆ ಏಪ್ರನ್ ಕಟ್ಟಿಕೊಂಡು ಬಟ್ಟಲುಗಳಿಗೆ ಚಹಾ ಹುಯ್ಯುತ್ತಿದ್ದಳು. ಅಲ್ಲಿ ಬೇಡ, ಒಳಗೆ ಬಾ ಅಂತ ಜೂರಾ ಬೆಳಿಗ್ಗೆಯಿಂದ ಬೇಡಿಕೊಂಡರೂ, "ನನ್ನ ಜಾಗ ನನಗೆ ಗೊತ್ತು" ಅಂದುಬಿಟ್ಟಿದ್ದಳು.

ಪೆಟ್ಟಿಗೆ ತೋರಿಸಿದ್ದಾಯಿತು, ರಜಾಯಿ ಎಣಿಸಿದ್ದಾಯಿತು. ಆಮೇಲೆ ಶಿರ್ದಾಕ್ ಹಾಸಿದರು. ಹುಡುಗನ ತಾಯಿ ಶರಪತ್ ಸಾಮಾನ್ಯದವಳಲ್ಲ, ಅವಳೂ ಉಣ್ಣೆ ತುಳಿದು ಬೆಳೆದವಳು. ಮೊಣಕಾಲೂರಿ ಕೂತು, ಹುರಿಯ ಜಾಡು ಹಿಡಿದು ಬೆರಳೋಡಿಸುತ್ತ ಮೇಲಿನ ತುದಿಯಿಂದ ಬಂದಳು. ತಲೆದೂಗುತ್ತ ಬಂದಳು. ಬಾಗಿಲ ಕಡೆಯ ಮೂಲೆಗೆ ಬಂದಾಗ ಬೆರಳು ನಿಂತಿತು. ಮೂಲೆಯನ್ನು ಒತ್ತಿ ಬಿಟ್ಟಳು. ಅದು ಎದ್ದಿತು.

"ಬೀಗಿತ್ತಿ, ಈ ಮೂಲೆ ಯಾರ ಕೈಯದು?" ಅಂತ ಕೇಳಿದಳು.

"ನನ್ನದು" ಅಂದಳು ಜೂರಾ. "ನಾನೊಬ್ಬಳೇ ಮಾಡಿದ್ದು. ಅದಕ್ಕೇ ಹಂಗಾಗಿದೆ."

"ಮಿಕ್ಕಿದ್ದು ಇಬ್ಬರ ಕೈಯದು. ಬಲಗೈ ಒಂದು, ಎಡಗೈ ಒಂದು. ಇಷ್ಟು ಬಿಗಿಯಾದ ಎಡ ಎಳೆ ನಾನು ನೋಡೇ ಇಲ್ಲ. ಯಾರು ಅವರು? ನಿಮಗೇನಾಗಬೇಕು?"

ಕೋಣೆಯಲ್ಲಿ ಎಲ್ಲರೂ ಜೂರಾಳ ಬಾಯಿ ನೋಡಿದರು. ವೆನೆರಾ ತನ್ನ ಮಡಿಲು ನೋಡಿಕೊಂಡಳು. ಬೇಗಿಮಾಯ್ ಮುಸುಕಿನೊಳಗಿಂದ ಬಾಗಿಲ ಕಡೆ ತಿರುಗಿದಳು. ಸಮೋವಾರಿನ ಹತ್ತಿರ ಚಹಾ ಹುಯ್ಯುವ ಸದ್ದು ನಿಂತಿತು. ಜೂರಾ ಬಾಯಿ ತೆರೆದಳು. ಓರಗಿತ್ತಿ ಅನ್ನಲೇ? ಅಕ್ಕ ಅನ್ನಲೇ? ನೆರೆ ಅನ್ನುವ ಮಾತು ನಾಲಿಗೆಯ ತುದಿಗೇ ಬಂದು ನಿಂತಿತ್ತು, ಅದನ್ನು ಹಲ್ಲು ಕಚ್ಚಿ ತಡೆದಳು. ಕೀಲು, ದಾವಣಿ, ಬೆಸುಗೆ, ಹೊಲಿಗೆ, ಎಲ್ಲಕ್ಕೂ ಹೆಸರಿತ್ತು ಅವಳಲ್ಲಿ. ಬೇಕಾದ ಒಂದು ಸಿಗಲಿಲ್ಲ.

ಅವಳು ಎದ್ದು ಬಾಗಿಲ ಹತ್ತಿರ ಹೋದಳು. ಕಲಿಪಾಳ ಎಡಗೈ ಹಿಡಿದು, ಬೇಡ ಬೇಡ ಅಂದರೂ ಬಿಡದೆ, ಎಳೆದು ತಂದು ಹಾಸಿನ ನಡುವೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು.

"ಇವರು. ಕಲಿಪಾ ಅಂತ. ಹೋದ ಸಲ ನಿಮಗೆ ತಪ್ಪು ಹೇಳಿದ್ದೆ. ನನಗೇನಾಗಬೇಕು ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ. ಇವರಿಲ್ಲದಿದ್ರೆ ನಾನು ಅದು." ಅಂತ ಎದ್ದು ನಿಂತ ಮೂಲೆಯನ್ನು ತೋರಿಸಿದಳು.

ಶರಪತ್ ಮೂಲೆ ನೋಡಿದಳು, ಹೆಂಗಸರಿಬ್ಬರನ್ನೂ ನೋಡಿದಳು. ಓರಗಿತ್ತಿಗೆಂದು ತಂದ ಮೇಲಂಗಿಯನ್ನು ಶಾಸ್ತ್ರದ ಪ್ರಕಾರ ವೆನೆರಾಳ ಹೆಗಲಿಗೆ ಹಾಕಿದಳು. ಆಮೇಲೆ ತಾನು ತೊಟ್ಟಿದ್ದ ಮಕಮಲ್ಲಿನ ಮೇಲಂಗಿಯ ಗುಂಡಿ ಬಿಚ್ಚಿ, ತೆಗೆದು, ಕಲಿಪಾಳಿಗೆ ಹೊದಿಸಿದಳು.

"ಕೈ ಬಿಡೇ" ಅಂತ ಕಲಿಪಾ ಪಿಸುಗುಟ್ಟಿದಳು. "ಎಲ್ಲಾ ನೋಡ್ತಿದ್ದಾರೆ. ಬೀಗರ ಬಟ್ಟಲು ಖಾಲಿ ಇದೆ."

ಜೂರಾ ಬಿಡಲಿಲ್ಲ. ಬೇಗಿಮಾಯ್ ಕೆಟಲನ್ನು ತಂದು ಮುಂದಿಟ್ಟಳು. ಕಲಿಪಾ ರೂಢಿಯಿಲ್ಲದ ಬಲಗೈಯಲ್ಲೇ ಅದನ್ನೆತ್ತಿ ಬೀಗರಿಗೆ ಚಹಾ ಹುಯ್ದಳು. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಹೊಸ ಹಾಸಿನ ಮೇಲೆ. ಯಾರೂ ಒರೆಸಲು ಏಳಲಿಲ್ಲ.